ಏಳನೇ ಕಲಂ

ಪುಟಕ್ಕೆ ಐನೂರು ಬೈಸಾ. ಗೋಡೆಯ ಮೇಲೆ ಬರೆದೇ ಇದೆ.
ವೀಸಾ, ಬಾಡಿಗೆ ಕರಾರು, ಒಂಟೆ ಮಾರಿದ ರಸೀದಿ,
ಸಹಮ್‌ನ ಈ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ಕುಟ್ಟುತ್ತಿದ್ದೇನೆ.
ಬ್ಯಾಂಕಿನ ಮೇಲೆ ದೂರು, ಇದೇ ಮೊದಲು.

ಇಲ್ಲಿಯ ಬ್ಯಾಂಕಲ್ಲ. ಸಮುದ್ರದಾಚೆ ಎಲ್ಲೋ
ಹಲವು ದೇಶ ಕೂಡಿ ಕಟ್ಟಿದ್ದು;
ಖೋರ್ ಸಿದ್ರದ ಬಂದರಿಗೆ ಸಾಲ ಕೊಟ್ಟದ್ದು.
ಅದಕ್ಕೊಂದು ಕಿವಿ ಇದೆಯಂತೆ,
ಬೇರೆ ಮಹಡಿಯಲ್ಲಿ, ಬೇರೆ ಬೀಗದ ಕೈಯಲ್ಲಿ.

ಝುವೈನಾ ಹೇಳುತ್ತಾಳೆ, ನಾನು ಇಂಗ್ಲಿಷಿಗೆ ಇಳಿಸುತ್ತೇನೆ.
ಊಮಾ, ಅಂದಳು. ನನ್ನ ಬಾಯಿಗೆ ಬಂದದ್ದು ಬೂತಾಯಿ.
ಪರದೆಯ ಮೇಲೆ ಬಿದ್ದದ್ದು ಸಾರ್ಡಿನ್, ವಾಸನೆಯೇ ಇಲ್ಲದೆ.
ಅಲೆಗೋಡೆ ಎದ್ದ ಮೇಲೆ ಮರಳು ಸರಿಯಿತು,
ಮೀನು ಒಣಗಿಸುತ್ತಿದ್ದ ಅಂಗಳ ಈಗ ಸೊಂಟಮಟ್ಟ ನೀರು.

ಮೊದಲು ಯೋಜನೆಯವರಿಗೆ ತಿಳಿಸಿದ್ದೀರಾ?
ತಿಳಿಸಿದೆ. ಖರ್ಜೂರ ಕೊಟ್ಟರು, ಕಾಫಿ ಕೊಟ್ಟರು.
ದಾಖಲೆ ಲಗತ್ತಿಸಿ.
ಕಾಫಿಗೆ ಯಾರಪ್ಪಾ ರಸೀದಿ ಕೊಡುತ್ತಾರೆ?

ಹೆಸರು ಬರಿ, ಅಂದಳು, ಅಜ್ಜನ ಅಜ್ಜನವರೆಗೂ.
ಝುವೈನಾ ಬಿಂತ್ ಸೈಫ್ ಬಿನ್ ಹಿಲಾಲ್ ಬಿನ್...
ಚೌಕ ಮುಗಿದುಹೋಯಿತು.
ಕೆಳಗೆ ಸಣ್ಣಕ್ಷರದಲ್ಲಿ: ಹೆಸರು ಗುಟ್ಟಾಗಿಡಬೇಕೇ?
ಅಳಿಯ ಅದೇ ಬಂದರಿನ ಗೇಟಿನಲ್ಲಿ ಕಾವಲಿಗಿದ್ದಾನೆ.
ಬಹಳ ಹೊತ್ತು ಏಸಿಯೊಂದೇ ಮಾತಾಡಿತು.
ಗುಟ್ಟು, ಅಂದಳು ಆಮೇಲೆ.

ದೂರುದಾರರು ಕನಿಷ್ಠ ಇಬ್ಬರು.
ಉಳಿದವರು ದುಡ್ಡು ಎಣಿಸಿಕೊಂಡು ಬಾಯಿಗೂ ಸಹಿ ಹಾಕಿಕೊಟ್ಟಿದ್ದಾರೆ.
ನಾನೋ, ವೀಸಾದ ಮೇಲಿರುವವ;
ಅಂಗಡಿಯ ಬೋರ್ಡಿನಲ್ಲೂ ನನ್ನ ಹೆಸರಿಲ್ಲ.
ಬಲೆ ಹೆಣೆಯುವ ಬಲೂಚಿ ಮುದುಕ ಶಂಬೆಯನ್ನು ಕರೆತಂದಳು.
ಹಗ್ಗ ಜಗ್ಗಿ ಜಗ್ಗಿ ಅವನ ಹೆಬ್ಬೆಟ್ಟಿನ ಗೆರೆಗಳು ಸವೆದಿವೆ.
ಒತ್ತಿದ.
ಗೆರೆಯಿಲ್ಲದ ಒಂದು ನೀಲಿ ಬೊಟ್ಟು.

ಏಳನೇ ಕಲಂ: ನಿಮಗೆ ಬೇಕಾದ ಪರಿಹಾರವೇನು?
ಐನೂರು ಅಕ್ಷರ ಮೀರದಂತೆ.
ಗಾಜಿನಾಚೆಗೆ ಕೈ ತೋರಿದಳು. ಅಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು.
ಕಿನಾರೆ, ಅಂದಳು. ಎಲ್ಲಿತ್ತೋ ಅಲ್ಲಿ.
ನಾನೂರ ಎಪ್ಪತ್ತು ಚಿಲ್ಲರೆ ಅಕ್ಷರ ಹಾಗೇ ಉಳಿದವು.

ಒಂಬತ್ತು ವಾರಕ್ಕೆ ಉತ್ತರ: ದೂರು ಅರ್ಹ.
ಗೆದ್ದೆವಾ?
ಇಲ್ಲಮ್ಮ. ಕೇಳಿಸಿಕೊಳ್ಳಲು ಯೋಗ್ಯ ಅಂತಷ್ಟೇ.
ಕಲ್ಲು ಕೀಳಿಸುವ ಅಧಿಕಾರ ಆ ಕಿವಿಗಿಲ್ಲ,
ಬ್ಯಾಂಕು ತಾನೇ ಬರೆದ ನಿಯಮ ತಾನೇ ಮುರಿಯಿತೇ,
ಅದನ್ನು ನೋಡಿಹೋಗಲು ಮೂವರು ಬರುತ್ತಾರೆ.

ಒಣಮೀನಿನ ಚೀಲ ಮೇಜಿನ ಮೇಲಿಟ್ಟಳು, ನಾಲ್ಕು ಪುಟದ ಲೆಕ್ಕಕ್ಕೆ.
ಬಾಗಿಲ ತನಕ ಹೋಗಿ ತಿರುಗಿದಳು:
ಬರೆ ಅವರಿಗೆ, ಇಳಿತದ ಹೊತ್ತು ನೋಡಿ ಬರಲಿ.
ಆಗ ನನ್ನ ಒಲೆಯ ಮೂರು ಕಲ್ಲು
ಕಾಣುತ್ತವೆ.