ಫರ್ಮಾ ಎಲ್ಲಿ?

ಕೌಲ್ ಬಜಾರಿನ ಈ ಮಾಳಿಗೆ ಮೇಲೆ, ತಗಡಿನ ಶೆಡ್ಡಿನಲ್ಲಿ
ಹನ್ನೆರಡು ಮಷಿನು, ಒಂದು ಹಳೇ ಲ್ಯಾಪ್‌ಟಾಪು.
ಮಷಿನೆಲ್ಲ ಓಡುತ್ತವೆ.
ಇದೊಂದು ಮಾತ್ರ ಮೂರು ದಿನದಿಂದ
ಒಂದೇ ಜಾಗಕ್ಕೆ ಬಂದು ಕಾಲು ಮುರಿದುಕೊಂಡು ಕೂರುತ್ತದೆ.

ನಾನು ಬೇಡಿದ್ದು ದೊಡ್ಡದೇನಲ್ಲ.
ಯಾರು ಎಷ್ಟು ಜೇಬು ಹೊಲಿದರು, ಎಷ್ಟು ಝಿಪ್ಪು ಕೂರಿಸಿದರು
ಶನಿವಾರದ ಬಟವಾಡೆಗೆ ಮುಂಚೆ ಅವರವರ ಫೋನಿನಲ್ಲೇ ಕಾಣಬೇಕು.
ಎರ್ರಿಸ್ವಾಮಿ ಓನರ ಕೆಂಪು ಡೈರಿಯಲ್ಲಿ
ಏಳು ಒಂದಾಗುತ್ತದೆ,
ಒಂದು ಯಾವತ್ತೂ ಏಳಾಗುವುದಿಲ್ಲ.
ದಾರ ಕತ್ತರಿಸುತ್ತಿದ್ದ ಕಾಲದಲ್ಲಿ
ನನ್ನ ಏಳುಗಳೂ ಹಾಗೇ ಕರಗಿದ್ದವು.
ಉಗುರಿನ ನೀಲಿ ಇನ್ನೂ ಪೂರ್ತಿ ಹೋಗಿಲ್ಲ.

ಡೇಟಾಬೇಸು ಇದೆ. ಬೆಳಿಗ್ಗೆ ಎಬ್ಬಿಸಿದರೆ ಏಳುತ್ತದೆ,
ಹೆಸರು ಕೇಳಿದರೆ ಹೇಳುತ್ತದೆ.
ಅದಕ್ಕೂ ನನ್ನ ಪೈಥಾನಿಗೂ ಮಾತು ಬೆಸೆಯುವ
ಆ ಸಣ್ಣ ಲೈಬ್ರರಿ ಮಾತ್ರ
ಇನ್‌ಸ್ಟಾಲ್ ಅಂದ ಕೂಡಲೇ ಕಾರುತ್ತದೆ,
ಪರದೆ ತುಂಬ ಕೆಂಪು, ಮೆಣಸಿನಕಾಯಿ ಕಣದ ಹಾಗೆ.

ಮೊದಲ ದಿನ ನೆಟ್ಟಿಗೆ ಬೈದೆ.
ಎರಡನೇ ದಿನ ಎಲ್ಲ ಕಿತ್ತು ಮತ್ತೆ ಹಾಕಿದೆ,
ವರ್ಷನ್ ಬದಲಿಸಿದೆ, ಪಾಥ್ ಬದಲಿಸಿದೆ,
ಸುಡೋ ಹಚ್ಚಿ ಗದರಿಸಿದೆ.
ಮೂರನೇ ದಿನ, ಯಾಕೋ, ಓದಿದೆ.

ಕೆಳಗಿನಿಂದ ಮೇಲಕ್ಕೆ.
ಕಡೆಯ ಸಾಲು ಬರೀ ಅಳು, ಆಗಲಿಲ್ಲ ಆಗಲಿಲ್ಲ.
ಅದರ ಮೇಲಿನವೆಲ್ಲ ಅಳುವವಳ ಸುತ್ತ ನೆರೆದವರು.
ನಲವತ್ತು ಸಾಲು ದಾಟಿ, ಗದ್ದಲದ ಹಿಂದೆ,
ಒಂದು ಸಾಲು ತಣ್ಣಗೆ ನಿಂತು ಹೇಳುತ್ತಿತ್ತು:
ಲಿಬ್‌ಪಿಕ್ಯು-ಎಫ್‌ಇ ಡಾಟ್ ಎಚ್, ಅಂಥ ಫೈಲು ಇಲ್ಲ.

ಇಲ್ಲವೆಂದರೆ? ಲಿಬ್‌ಪಿಕ್ಯು ಇದೆಯಲ್ಲ!
ಹುಡುಕಿದೆ, ಸಿಕ್ಕಿತು, ಕಣ್ಣಾರೆ ಕಂಡೆ.
ಇರುವುದನ್ನೇ ಇಲ್ಲವೆನ್ನುವ ಆ ಯಂತ್ರಕ್ಕೆ
ಕಟಿಂಗ್ ಟೇಬಲ್ಲಿನವರೆಗೂ ಕೇಳುವಂತೆ ಬೈದೆ.

ಹೊನ್ನೂರ್ ಸಾಬರು ತಲೆ ಎತ್ತಲಿಲ್ಲ.
"ಏನು ಇಲ್ಲಂತೈತಿ ಅದು?"
ಹೆಡರ್ ಫೈಲು ಅಂತ ಹೇಗೆ ಹೇಳಲಿ.
"ಚಾಚಾ, ಸಾಮಾನು ಐತಿ. ಅದರ ಅಳತಿ ಬರೆದಿಟ್ಟ ಹಾಳಿ ಕೇಳ್ತೈತಿ."

ಸೀಮೆಸುಣ್ಣ ಕಿವಿ ಸಂದಿಗೆ ಸಿಗಿಸಿಕೊಂಡರು.
ಗೂಟದಿಂದ ಒಂದು ಪ್ಯಾಂಟು ಇಳಿಸಿ ನನ್ನ ಮಡಿಲಿಗೆ ಎಸೆದರು.
"ಇದನ್ನ ಹಾಕ್ಕೊಂಡು ಬಳ್ಳಾರಿ ಎಲ್ಲಾ ತಿರುಗಬೋದು.
ಇಂಥದ್ದೇ ಇನ್ನೊಂದು ಹೊಲಿ ಅಂದ್ರ?"
ಗೋಡೆಯ ಮೊಳೆಗೆ ಬೆರಳು ತೋರಿದರು:
ಕಂದು ರಟ್ಟಿನ ಫರ್ಮಾಗಳು, ತೂತಿಗೆ ದಾರ ಪೋಣಿಸಿ,
ತೊಡೆ, ಸೊಂಟ, ಜೇಬು, ಪಟ್ಟಿ,
ಮೂವತ್ತೆರಡು, ಮೂವತ್ತನಾಲ್ಕು, ಅಂಚು ಸವೆದ ಮೂವತ್ತಾರು.
"ತೊಡೋರಿಗೆ ಪ್ಯಾಂಟು ಸಾಕು.
ಹೊಲಿಯೋರಿಗೆ ಇದು ಬೇಕು."

ತೊಡುವವಳ ಸಾಮಾನು ಇಟ್ಟುಕೊಂಡು
ಹೊಲಿಯಲು ಕೂತಿದ್ದೆ ನಾನು.

ಅದೇ ಹೆಸರು, ಬಾಲಕ್ಕೆ ಮೂರು ಇಂಗ್ಲಿಷ್ ಅಕ್ಷರ.
ಲಿಬ್‌ಪಿಕ್ಯು-ಡೆವ್.
ಇಳಿಯಿತು, ಒಂದು ಫೋಟೋದಷ್ಟೂ ತೂಕವಿಲ್ಲ.
ಮತ್ತೆ ಇನ್‌ಸ್ಟಾಲ್ ಅಂದೆ.
ತಲೆ ಮೇಲೆ ತಗಡು ಬಿಸಿಲಿಗೆ ಟಣ್ ಟಣ್ಣೆನ್ನುತ್ತಿತ್ತು.
ಸಾಲುಗಳು ಹರಿದವು, ಬಿಳಿ, ಬಿಳಿ, ಬಿಳಿ.
ಕೆಂಪಿಗೆ ಕಾದೆ.
ಬರಲಿಲ್ಲ.

ಮೊದಲ ಹೆಸರು ಹಾಕಿದೆ:
ಗಾದಿಲಿಂಗಮ್ಮ, ಹಿಂಜೇಬು, ಎಪ್ಪತ್ತೊಂದು.
ಮುಚ್ಚಿ ತೆರೆದೆ. ಎಪ್ಪತ್ತೊಂದೇ.
ಇನ್ನೊಮ್ಮೆ ಮುಚ್ಚಿ ತೆರೆದೆ.

ಹನ್ನೆರಡು ಸಾಲೂ ತುಂಬಿದ ಮೇಲೆ
ಚಾಚಾ, ನಿಮ್ಮದೆಷ್ಟು, ಎಂದು ಕೇಳಲು ತಿರುಗಿದವಳು
ಕೇಳಲಿಲ್ಲ.
ಜೇಬಾದರೆ ಎಣಿಸಬಹುದು.
ಫರ್ಮಾ ಕತ್ತರಿಸಿದವರಿಗೆ
ನನ್ನ ಟೇಬಲ್ಲಿನಲ್ಲೂ ಕಾಲಮ್ಮು ಇರಲಿಲ್ಲ.

ಅವರು ಕೈ ಚಾಚಿದರು.
"ಪ್ಯಾಂಟು ಕೊಡವಾ ಇತ್ಲಾಗ,
ಮಡಿಲಾಗ ಇಟ್ಕಂಡ್ರ ಇಸ್ತ್ರಿ ಕೆಡ್ತೈತಿ."