ಟೋಕನ್ ನಾನೂರ ಹನ್ನೆರಡು

ಅಹ್ಮದಿಯಿಂದ ಪಡುವಣಕ್ಕೆ, ಎಣ್ಣೆಬಾವಿಗಳಾಚೆ
ತಗಡಿನ ಶೆಡ್ಡು, ಹದಿನಾಲ್ಕು ಯಂತ್ರ.
ಇಲ್ಲಿ ಮರಳೂ ಡೀಸೆಲ್ ನಾರುತ್ತದೆ.
ನಾನು, ಒಬ್ಬ ನೇಪಾಳಿ, ಇಬ್ಬರು ಸಿಲ್ಹೆಟ್ಟಿನವರು
ದಿನಕ್ಕೆ ಎಂಟುನೂರು ಜೊತೆ
ಯುದ್ಧಕ್ಕೆ ಹೊರಟವರ ಬಟ್ಟೆ ಒಗೆಯುತ್ತೇವೆ.

ಹೊಳೆಗಲ್ಲಿಗೆ ಬಡಿದೂ ಬಡಿದೂ ನನ್ನಜ್ಜ
ಊರ ಹುಟ್ಟಿನ ಸೂತಕ, ಸಾವಿನ ಸೂತಕ ಕಳೆದವನು.
ಅವನು ನಡೆಮಡಿ ಹಾಸಿದರೇ ಮದುವೆ.
ನಾನು ಗುಂಡಿ ಒತ್ತುತ್ತೇನೆ.
ನಲವತ್ತು ನಿಮಿಷಕ್ಕೆ ಮಡಿ.

ಮಾರ್ಚಿಯ ಮೊದಲ ವಾರ ಅವನು ಬಂದ.
ಎದೆಪಟ್ಟಿಯ ಮೇಲೆ ಹೆಸರು: ಹಾಲ್ವರ್ಸನ್.
ಗಡ್ಡವೇ ಸರಿಯಾಗಿ ಬಂದಿರಲಿಲ್ಲ.
ಮೂರು ಜೊತೆ ಕೌಂಟರಿನ ಮೇಲಿಟ್ಟ.
ಕೊಳೆಯಿಲ್ಲ, ಬೆವರಿಲ್ಲ, ಇಸ್ತ್ರಿಯ ಗೆರೆ ಕೂಡ ಮುರಿದಿಲ್ಲ.
‘ಇದು ಒಗೆದದ್ದೇ’ ಎಂದೆ, ನನ್ನ ಹರಕು ಇಂಗ್ಲಿಷಿನಲ್ಲಿ.
‘ಇನ್ನೊಮ್ಮೆ ಒಗೆ’ ಎಂದ.
ಟೋಕನ್ ಚಾಚಿದೆ.
ತೆಗೆದುಕೊಳ್ಳಲಿಲ್ಲ.

ಮರುದಿನ ಅಡುಗೆಮನೆಯ ವಲೇರಿಯನ್ ಪಿಂಟೊ ಹೇಳಿದ:
ಲಾರಿಗಳು ಗಡಿಗೆ ಮುಖಮಾಡಿ ಗುರುಗುಡುವಾಗ
ಹಾಲ್ವರ್ಸನ್, ಜೊತೆಗೆ ಇನ್ನಿಬ್ಬರು
ಬನಿಯನ್ ಚಡ್ಡಿಯಲ್ಲೇ ಮರಳ ಮೇಲೆ ಕೂತರಂತೆ.
ಬೈದರಂತೆ, ಎಬ್ಬಿಸಿದರಂತೆ, ಮತ್ತೆ ಕೂತರಂತೆ.
ಅಷ್ಟೇ. ಭಾಷಣವಿಲ್ಲ.
ಒಬ್ಬ ಅತ್ತನಂತೆ;
ಅವನು ಕೊನೆಗೆ ಲಾರಿ ಹತ್ತಿದನಂತೆ.

‘ಹೇಡಿಗಳು’ ಎಂದ ನೇಪಾಳಿ; ಅವನಪ್ಪ ಗೂರ್ಖಾ ಪಡೆಯವನು.
ನಾನು ಇಸ್ತ್ರಿ ಒತ್ತುತ್ತಿದ್ದೆ.
ಬೇಡ ಅನ್ನುವುದು ತಟ್ಟೆಯ ಅನ್ನಕ್ಕೆ.
ಆಗದು ಅನ್ನುವುದು ಸೊಂಟನೋವಿನ ಮಾತು.
ಒಲ್ಲೆ —
ಆ ಎರಡಕ್ಷರದೊಳಗೆ ಪೂರ್ತಿ ಒಬ್ಬ ಮನುಷ್ಯ
ಚಕ್ಕಂಬಕ್ಕಲ ಹಾಕಿ ಕೂತಿರುತ್ತಾನೆ.

ನಾನು ಯಾವತ್ತು ಅಂದಿದ್ದೆ ಅದನ್ನು?
ಚಿಕ್ಕಂದಿನಲ್ಲಿ, ಹರಳೆಣ್ಣೆಯ ಲೋಟದ ಮುಂದೆ.
ಆಮೇಲಿನದು ನೆನಪಿಲ್ಲ.
ಪಾಸ್‌ಪೋರ್ಟು ಕಂಪನಿಯ ಬೀರುವಿನಲ್ಲಿದೆ.

ಹದಿನೈದು ದಿನ. ಇರುಳು ಬಡಗಣ ದಿಕ್ಕು
ಕೆಂಡ ಊದಿದಂತೆ ಮಿನುಗಿ ಮಂಕಾಗುತ್ತಿತ್ತು.
ಬಟ್ಟೆಗಳು ಮರಳತೊಡಗಿದವು.
ಈಗ ಕೊಳೆಯಿತ್ತು.
ಬಿಸಿನೀರು ತಾಗಿಸಬಾರದ,
ತಣ್ಣೀರಲ್ಲೇ ನೆನೆಹಾಕಬೇಕಾದ ಕೊಳೆ.
ಅದು ಹೇಳಿಕೊಡದೆಯೂ ನನಗೆ ಗೊತ್ತು, ಅಜ್ಜನ ಕೈಯಿಂದ.

ನಾನೂರ ಹನ್ನೆರಡು ಇನ್ನೂ ಮೇಲಿನ ಹಲಗೆಯಲ್ಲಿದೆ.
ಮೂವತ್ತು ದಿನ ಮೀರಿದ್ದನ್ನು ಸುಡಬೇಕೆಂದು ನಿಯಮ.
ಸೂಪರ್‌ವೈಸರ್ ಎರಡು ಸಲ ನೆನಪಿಸಿದ.
ಹೂಂ ಅಂದೆ.
ಶುಕ್ರವಾರ, ಎಲ್ಲರೂ ಮಲಗಿದ ಮೇಲೆ
ಕೆಳಗಿಳಿಸಿ, ಧೂಳು ಕೊಡವಿ,
ಯಂತ್ರಕ್ಕೆ ಹಾಕದೆ, ಬಕೆಟ್ಟಿನಲ್ಲಿ,
ಇನ್ನೊಮ್ಮೆ ಒಗೆಯುತ್ತೇನೆ.