ಹನ್ನೆರಡು ಪೈಸೆ

ಮಲ್ಪೆ ಬಸ್ ಸ್ಟ್ಯಾಂಡಿನ ಎದುರು
ನನ್ನ ಸ್ಟುಡಿಯೋ ಮುಚ್ಚಿ ಒಂಬತ್ತು ವರ್ಷ.
ಬೋರ್ಡು ಮಾತ್ರ ಇಳಿಸಿಲ್ಲ: ಅಮ್ಮನ್ನ ಫೋಟೋಸ್.
ಅದರ ಕೆಳಗೆ ಈಗ ಮೊಬೈಲ್ ರೀಚಾರ್ಜು.

ವನಮಾಲ ಟೀಚರು ಬಂದದ್ದು ಮಂಗಳವಾರ.
"ನಿಮ್ಮ ಹಳೇ ಲೈಟ್ ಮೀಟರು ಉಂಟಾ, ಸೂಜಿ ಇದ್ದದ್ದು?
ಮಕ್ಕಳಿಗೆ ಗ್ರಹಗಳನ್ನು ಅಳೆದು ತೋರಿಸಬೇಕು."
ಹುಡುಕಿ ಕೊಟ್ಟೆ. ಜೊತೆಗೆ ನಾನೂ ಹೋದೆ,
ಬೀಳಿಸಿಯಾರು ಎಂಬ ನೆಪದಲ್ಲಿ.
ಬ್ಯಾಟರಿ ಬೇಡ ಅದಕ್ಕೆ, ಬೆಳಕನ್ನೇ ತಿಂದು ಸೂಜಿ ಎತ್ತುತ್ತದೆ.
ಒಳಗಿರುವ ಧಾತುವಿಗೆ ಚಂದ್ರನದೇ ಹೆಸರಂತೆ, ಸೆಲೆನಿಯಂ.
ಮೂವತ್ತು ವರ್ಷ ಕುತ್ತಿಗೆಗೆ ನೇತು ಹಾಕಿಕೊಂಡವನಿಗೆ
ಅಂದೇ ಗೊತ್ತಾದದ್ದು.

ಬಂದರಿನಲ್ಲಿ ನಾಲ್ಕು ಗಂಟೆಯ ಬಿಸಿಲು.
ಬಿಳಿ ಹಾಳೆ ಹಿಡಿದು ಹೇಳಿದಳು: ಇದು ಒಂದು ರೂಪಾಯಿ,
ಸೂರ್ಯ ಕೊಟ್ಟದ್ದನ್ನೆಲ್ಲ ಹಿಂದೆ ಕೊಡುವ ಪ್ರಾಮಾಣಿಕ.
ಉಳಿದವರು ಎಷ್ಟು ಚಿಲ್ಲರೆ ವಾಪಸು ಮಾಡ್ತಾರೆ, ನೋಡುವ.

ಐಸ್ ಪ್ಲಾಂಟಿನ ಬಾಯಿಂದ ಉದುರಿದ ಪುಡಿ:
ಎಂಬತ್ತು ಪೈಸೆ. ಶನಿಯ ಸುತ್ತ ಹೀಗೊಬ್ಬ ಚಂದ್ರ ಉಂಟು, ಎನ್ಸೆಲಡಸ್,
ತಾನೇ ನೀರು ಚಿಮ್ಮಿಸಿ ತನ್ನ ತಲೆಗೇ ಹಿಮ ಸುರಿದುಕೊಳ್ಳುವವನು.
ಕೆಂಪುಕಲ್ಲಿನ ಪಾಗಾರ: ಇಪ್ಪತ್ತೈದು. ಅದು ಮಂಗಳ.
ಜೆಟ್ಟಿಯ ಸಿಮೆಂಟು ಮೂವತ್ತರ ಹತ್ತಿರ, ಅದು ನಾವು,
ಮೋಡ ಕಡಲು ಕಾಡು ಎಲ್ಲ ಕಲಸಿದ ಸರಾಸರಿ.
ಬೋಟಿನ ಹೊಗೆಕೊಳವೆಯ ಮಸಿಗೆ ಸೂಜಿ ಏಳಲೇ ಇಲ್ಲ.
ನಾಲ್ಕು ಪೈಸೆ. ಧೂಮಕೇತುವಿನ ಗಟ್ಟಿ.
"ಅಷ್ಟುದ್ದ ಬೆಳ್ಳಿ ಬಾಲ ಬಿಟ್ಕೊಂಡು ಬರ್ತದಲ್ಲ ಟೀಚರ್?"
"ಬಾಲ ಬೇರೆ, ಬಂದವನು ಬೇರೆ."
ಮಾಂಜಿ ಮೀನೊಂದೇ ಲೆಕ್ಕಕ್ಕೆ ಸಿಗಲಿಲ್ಲ,
ಹುಡುಗ ತಿರುಗಿಸಿದ ಹಾಗೆಲ್ಲ ಸೂಜಿ ಕುಣಿಯಿತು;
ಮೀನಿನವಳು ಗದರಿದಳು: ಅಳೆದದ್ದು ಸಾಕು, ತಕ್ಕೊಳ್ತೀರಾ ಇಲ್ವಾ?

ಕಡೆಗೆ ಹಳೇ ಡಾಮರು ರಸ್ತೆ. ಹನ್ನೆರಡು.
ಐಸ್ ಪ್ಲಾಂಟಿನ ತಗಡಿನ ಮೇಲೆ ಬೆರಳು ತೋರಿದಳು,
ಹಗಲು ಚಂದ್ರ, ಒಗೆದು ಒಣಗಲು ಹಾಕಿದ ಹಾಗೆ.
"ಅದೇ ಇದು."
ಮಕ್ಕಳು ಮೇಲೆ ನೋಡಿದರು, ರಸ್ತೆ ನೋಡಿದರು, ನಂಬಲಿಲ್ಲ.
"ಸುತ್ತ ಕತ್ತಲೆ ಇದ್ದರೆ ಡಾಮರೂ ಹಾಲಿನ ಹಾಗೆ ಕಾಣ್ತದೆ.
ನಾವು ತಿಂಗಳಾಯರು, ನಮಗೆ ತಿಂಗಳ ಗುಟ್ಟು ಗೊತ್ತಿಲ್ವಾ?"
ಆಮೇಲೆ ತನ್ನದೇ ಮುಂಗೈಗೆ ಮೀಟರು ಹಿಡಿದಳು.
ಹದಿನೇಳು.
"ನೋಡಿ ಅಮ್ಮನ್ನರೇ, ಚಂದ್ರನಿಗಿಂತ ನಾನೇ ಬಿಳಿ ಮಾರಾಯ್ರೆ!"

ಮಕ್ಕಳ ಜೊತೆ ನಾನೂ ನಗಬೇಕಿತ್ತು.

ತೊಂಬತ್ತೊಂದನೇ ಇಸವಿ. ಹಸಿರು ಸೀರೆ, ಅಬ್ಬಲಿಗೆ,
ಸ್ಟೂಲಿನ ತುದಿಯಲ್ಲಿ ಇಪ್ಪತ್ತೆರಡರ ಹುಡುಗಿ.
ಹುಡುಗನ ಕಡೆಗೆ ಕಳಿಸುವ ಫೋಟೋ.
ಅವಳ ಮಾವ ನನ್ನ ಕಿವಿಯಲ್ಲಿ: ಸ್ವಲ್ಪ ಬೆಳ್ಳಗೆ ಮಾಡಿ.
ಮಾಡಿದೆ. ಬೋರ್ಡಿನಲ್ಲಿ ಬರೆಯದ ಕಸುಬು ಅದು.
ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು:
ಕಪ್ಪು ಮುಖವೇ ಅಲ್ಲಿ ತೆಳು ಗಾಜು,
ಬೆಳಕು ಸರಾಗ ದಾಟುವ ಕಿಟಕಿ.
ಮೊನೆ ಚೂಪು ಮಾಡಿದ ಪೆನ್ಸಿಲಿನಿಂದ ಆ ಕಿಟಕಿಗೆ
ರಾತ್ರಿಯಿಡೀ ಚುಕ್ಕಿ ಚುಕ್ಕಿ ಕಪ್ಪು ತುಂಬಿದೆ,
ಕಾಗದದ ಮೇಲೆ ಅವಳು ಬೆಳ್ಳಗಾಗಲಿ ಎಂದು.
ಚಂದ್ರನ ಹಾಗೆ ಬಂದಿದ್ದಾಳೆ, ಎಂದರು ಮಾವ.
ಹುಡುಗನ ಕಡೆಯವರು ಬಂದು, ಫೋಟೋ ನೋಡಿ, ಅವಳನ್ನು ನೋಡಿ,
ಅವಲಕ್ಕಿ ತಿಂದು ಹೋದರಂತೆ.

ಮೀಟರು ಹಿಂದೆ ಕೊಡುವಾಗ ಅವಳು ಆ ಮಾತೆತ್ತಲಿಲ್ಲ.
ಶನಿಯ ಇನ್ನೊಬ್ಬ ಚಂದ್ರನ ಬಗ್ಗೆ ಹೇಳಿದಳು, ಇಯಾಪೆಟಸ್,
ಒಂದು ಕೆನ್ನೆ ಹಿಮ, ಇನ್ನೊಂದು ಇದ್ದಿಲು.
"ಅವನ ಫೋಟೋ ಹಾಗೆಯೇ ಇಟ್ಟಿದ್ದಾರೆ, ಯಾರೂ ತಿದ್ದಲಿಲ್ಲ."
ಚಪ್ಪಲಿ ಮೆಟ್ಟಿ ಕಲ್ಮಾಡಿ ಕಡೆಗೆ ನಡೆದಳು.

ರಾತ್ರಿ ಟ್ರಂಕಿನ ತಳದಲ್ಲಿ ಸಿಕ್ಕಿತು, ಕವರಿನ ಮೇಲೆ ನನ್ನದೇ ಅಕ್ಷರ.
ಹತ್ತಿಗೆ ಟರ್ಪೆಂಟೈನು ಅದ್ದಿ ಹಣೆಯಿಂದ ಶುರು ಮಾಡಿದೆ.
ಹತ್ತಿ ಕಪ್ಪಾಯಿತು. ಕಿಟಕಿಗೆ ಹಿಡಿದೆ.
ಹನ್ನೆರಡು ಪೈಸೆಯ ಬೆಳಕು
ಅವಳ ಮುಖ ದಾಟಿ ಬಂದು
ನನ್ನ ಬನಿಯನ್ನಿನ ಮೇಲೆ ಬಿತ್ತು.

ಎಡಗೆನ್ನೆ ಇನ್ನೂ ಬಾಕಿ ಉಂಟು.